ಗೋಳಗುಮ್ಮಟದೂರಿನ ಗಾಳಿ ಪಂಪು

ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ಹತ್ತಿ ಕೂಗು ಹಾಕುತ್ತಾರೆ. ತಿರುಗಿ ಬಂದ ದನಿಗಳನ್ನು ಎಣಿಸುತ್ತಾರೆ. ಇಬ್ರಾಹಿಂ ರೋಜಾದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು ಒಂದು ಚಿತ್ರ ತೆಗೆಸಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಾರೆ. ಆದರೆ ಈ ಊರಿಗೆ ಇನ್ನೊಂದು ಮುಖವಿದೆ. ಅದನ್ನು ನೋಡಬೇಕಾದರೆ ಬೆಳಗಿನ ಐದೂವರೆಗೆ ಏಳಬೇಕು. ಇನ್ನೂ ಮಬ್ಬು ಹರಿಯದ ಸೊಲ್ಲಾಪುರ ರಸ್ತೆಯಲ್ಲಿ ಹುಡುಗ ಹುಡುಗಿಯರು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡಂತೆ, ತೆಳುಗಾಲಿಯ ರೇಸ್ ಸೈಕಲ್ಲುಗಳ ಮೇಲೆ ಬಾಗಿ, ಸುಂಯ್ಯೆಂದು ಹಾದುಹೋಗುತ್ತಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗ್ ಸ್ಪರ್ಧೆಗಳಿಗೆ ಹೋಗಿ ಪದಕ ತರುವುದು ಇಂದು ನಿನ್ನೆಯ ಮಾತಲ್ಲ. 2014ರಲ್ಲಿ ಬಿಜಾಪುರ ಎಂಬ ಹೆಸರು ವಿಜಯಪುರವಾಗುವುದಕ್ಕೆ ಎಷ್ಟೋ ಮೊದಲಿನಿಂದಲೂ ಇದು ಸೈಕಲ್ಲಿನವರ ಊರು. ನೆಲ ಚಪ್ಪಟೆ, ರಸ್ತೆ ನೇರ, ಎದುರುಗಾಳಿ ಧಾರಾಳ. ಸೈಕಲ್ಲು ಕಲಿಯಲು ಇನ್ನೇನು ಬೇಕು?

ಎಂಟೂವರೆಯ ಹೊತ್ತಿಗೆ ಅದೇ ರಸ್ತೆಗಳಿಗೆ ಬೇರೆ ಸೈಕಲ್ಲುಗಳು ಇಳಿಯುತ್ತವೆ. ಹಾಲಿನ ಕ್ಯಾನು ತೂಗುಹಾಕಿಕೊಂಡವು, ಕ್ಯಾರಿಯರಿನ ಮೇಲೆ ತಮ್ಮನನ್ನು ಕೂರಿಸಿಕೊಂಡವು, ಹ್ಯಾಂಡಲ್ಲಿಗೆ ಪಾಟಿಚೀಲ ನೇತುಬಿದ್ದವು. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದ ಮೇಲೆ, ಆರೆಂಟು ಕಿಲೋಮೀಟರ್ ದೂರದ ಹೈಸ್ಕೂಲು ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಸೈಕಲ್ಲೇನೋ ಬಂತು. ಅದರ ಜೊತೆಗೆ ಪಂಪು ಬರಲಿಲ್ಲ. ಗಾಳಿ ಇಳಿದ ಸೈಕಲ್ಲು ಮಾತ್ರ ಸವಾರನನ್ನು ಹೊರುವ ಬದಲು ಸವಾರನಿಂದಲೇ ಹೊರಿಸಿಕೊಳ್ಳುತ್ತದೆ!

ಗಾಂಧಿ ಚೌಕಿನ ಗದ್ದಲ ದಾಟಿ ಒಳಗಿನ ಓಣಿಯೊಂದಕ್ಕೆ ಹೊರಳಿದರೆ ಹಳೆಯ ಸೈಕಲ್ ಶಾಪೊಂದು ಸಿಗುತ್ತದೆ. ಹಲಗೆ ಬಾಗಿಲು, ಸೂರಿಗೆ ನೇತುಹಾಕಿದ ಟೈರುಗಳ ಮಾಲೆ, ಪಂಕ್ಚರ್ ನೋಡಲು ನೀರು ತುಂಬಿದ ಕಬ್ಬಿಣದ ಬಾಣಲಿ. ಮಾಲೀಕರಿಗೆ ಎಪ್ಪತ್ತರ ಆಸುಪಾಸು. ಓಣಿಗೆಲ್ಲ ಅವರು ಚಾಚಾ. ಅಂಗಡಿಯ ಒಂದು ಮೂಲೆಯಲ್ಲಿ ಕರೆಂಟಿನ ಕಂಪ್ರೆಸರ್ ಇದೆ. ಇನ್ನೊಂದು ಮೂಲೆಯಲ್ಲಿ ಸಣ್ಣ, ದೊಡ್ಡ, ಅಗ್ಗದ, ತುಟ್ಟಿಯ ಪಂಪುಗಳು ಗೋಡೆಗೆ ಒರಗಿ ನಿಂತಿವೆ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ತೊರವಿಯ ಆಚೆಯ ಹಳ್ಳಿಯಿಂದ ತಂದೆ ಮಗಳು ಇಲ್ಲಿಗೆ ಬಂದರು. ಮಗಳು ಹತ್ತನೆಯ ತರಗತಿ. ಮನೆಯಿಂದ ಶಾಲೆಗೆ ಒಂಬತ್ತು ಕಿಲೋಮೀಟರ್. ಬೆಳಗಿನ ವಿಶೇಷ ತರಗತಿಗೆ ಹೊಂದುವ ಬಸ್ಸಿಲ್ಲ, ಹಳ್ಳಿಯಲ್ಲಿ ಸೈಕಲ್ ಶಾಪೂ ಇಲ್ಲ. ಎರಡು ವಾರದಿಂದ ಹಿಂದಿನ ಗಾಲಿ ದಿನಾ ಬೆಳಿಗ್ಗೆ ನೆಲಕ್ಕೆ ಕೂತಿರುತ್ತಿತ್ತು. ಎರಡು ಕಿರುಪರೀಕ್ಷೆಗಳಿಗೆ ಅರ್ಧರ್ಧ ಗಂಟೆ ತಡವಾಗಿತ್ತು. ‘ಹಿಂಗಾದ್ರ ಸಾಲಿ ಬಿಡಿಸೂದ ಚಲೋ’ ಎಂದು ಅಜ್ಜಿ ಒಂದೆರಡು ಸಲ ಅಂದದ್ದೂ ಆಗಿತ್ತು. ತಂದೆಯ ನಿರ್ಧಾರ ಸರಳ.

‘ಎಲ್ಲಾದಕಿಂತ ದೊಡ್ಡ ಪಂಪ್ ಕೊಡ್ರಿ ಚಾಚಾ. ದೊಡ್ಡದಿದ್ರ ಬಾಳಿಕಿ ಬರ್ತೈತಿ.’

ಚಾಚಾ ಪಂಪಿನ ಕಡೆ ನೋಡಲಿಲ್ಲ, ಹುಡುಗಿಯ ಕಡೆ ನೋಡಿದರು. ‘ಗಾಳಿ ಹೊಡಿಯಾವ್ರು ಯಾರ್ರೀ ಗೌಡ್ರ? ನೀವೋ, ಈ ತಂಗಿನೋ?’

‘ನಾ ನಸುಕಿನ್ಯಾಗ ಹೊಲಕ್ಕ ಹೋಗಿರ್ತೀನಿ. ಆಕಿನ ಹೊಡ್ಕೋಬೇಕು.’

‘ಹಂಗಾರ ಅದನ್ನ ಬಿಡ್ರಿ.’

ಊರಿಗೆ ಗೊತ್ತಿದ್ದ ಒತ್ತಡ

ಪಂಪಿನ ಮಾತಿಗೆ ಮೊದಲು ಒತ್ತಡದ ಮಾತು ಬರಬೇಕು. ಅದಕ್ಕೆ ವಿಜಯಪುರಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳ ಮೂಲಕ ನೀರು ಈ ಊರಿಗೆ ಬರುತ್ತಿತ್ತು. 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಹರಿದು ಬರುತ್ತಿತ್ತು. ಎತ್ತರದಿಂದ ಇಳಿದು ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯಬಾರದಲ್ಲ? ಅದಕ್ಕಾಗಿ ಅಲ್ಲಲ್ಲಿ ಕಲ್ಲುಗಾರೆಯ ಗೋಪುರಗಳನ್ನು ಎಬ್ಬಿಸಿದರು. ಜನ ಅವನ್ನು ಗಂಜ್ ಎನ್ನುತ್ತಾರೆ. ಕೊಳವೆಯ ನೀರು ಗಂಜಿನೊಳಗೆ ಮೇಲೇರಿ, ಗಾಳಿಗೆ ತೆರೆದುಕೊಂಡು, ಒತ್ತಡ ಕಳೆದುಕೊಂಡು ಮುಂದೆ ಹೋಗುತ್ತಿತ್ತು. ಇಂಥ ಕೆಲವು ಗಂಜುಗಳು ಈಗಲೂ ನಿಂತಿವೆ. ಪ್ರವಾಸಿಗರು ಅವುಗಳ ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡುವುದು ಕಡಿಮೆ.

ಹತ್ತು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರ ಹೇರುತ್ತದೆ. ಸೈಕಲ್ ಶಾಪಿನ ಭಾಷೆಯಲ್ಲಿ ಅದು 14 ಪೌಂಡ್, ಎಂದರೆ ಚದರ ಇಂಚಿಗೆ 14 ಪೌಂಡ್. ಶಾಲೆಗೆ ಹೋಗುವ ಸಾಮಾನ್ಯ ಸೈಕಲ್ಲಿನ ಟೈರಿಗೆ ಬೇಕಾದದ್ದು 40ರಿಂದ 50 ಪೌಂಡ್. ನಲವತ್ತೆಂದರೆ 28 ಮೀಟರ್ ಎತ್ತರದ ನೀರಿನ ಒತ್ತಡ. ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ನೆತ್ತಿಯವರೆಗೆ ನೀರು ತುಂಬಿಸಿದರೆ ನೆಲಮಟ್ಟದಲ್ಲಿ ಇರುವ ಒತ್ತಡ 72 ಪೌಂಡ್. ಬೆಳಗಿನ ಸೊಲ್ಲಾಪುರ ರಸ್ತೆಯ ರೇಸ್ ಸೈಕಲ್ಲಿನ ತೆಳು ಟೈರಿನಲ್ಲಿ ನೂರು ಪೌಂಡ್ ಇರುವುದುಂಟು. ಹೆಬ್ಬೆರಳಿನಷ್ಟು ದಪ್ಪದ ಆ ರಬ್ಬರ್ ಕೊಳವೆ ಗೋಳಗುಮ್ಮಟಕ್ಕಿಂತ ಎತ್ತರದ ನೀರಿನ ಕಂಬವನ್ನು ತಡೆದು ನಿಲ್ಲಬಲ್ಲದು! ಇಷ್ಟು ಗಾಳಿಯನ್ನು ಒಬ್ಬ ಮನುಷ್ಯ ಬರಿಯ ಕೈಯಿಂದ ಒಳಗೆ ತಳ್ಳುತ್ತಾನೆ ಎಂಬುದೇ ಪಂಪಿನ ಸೋಜಿಗ.

ಅಪ್ಪ ಮಗುವಿಗಾಗಿ ಗಾಳಿ ಹೊಡೆದದ್ದು ಈ ಕತೆಯ ಮೊದಲ ಅಧ್ಯಾಯ ಎನ್ನಬಹುದು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುದಾರಿಯಲ್ಲಿ ಕುಲುಕದಿರಲೆಂದು ರಬ್ಬರ್ ಕೊಳವೆ ಸುತ್ತಿ, ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದ ಅದನ್ನು ಉಬ್ಬಿಸಿದ. 1888ರಲ್ಲಿ ಪೇಟೆಂಟ್ ಪಡೆದ. ಅವನಿಗಿಂತ ನಾಲ್ಕು ದಶಕ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಎಂಬಾತ ಇಂಥದೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದ. ಆದರೆ ಆಗ ಅದನ್ನು ಕೇಳುವ ಸೈಕಲ್ಲುಗಳೇ ಇರಲಿಲ್ಲ.

ದಪ್ಪ ಕೊಳವೆಯ ಮೋಸ

ಚಾಚಾ ದಪ್ಪ ಕೊಳವೆಯ ಪಂಪನ್ನೇ ಮೊದಲು ಹುಡುಗಿಯ ಕೈಗೆ ಕೊಟ್ಟರು. ಒಳಗಿನ ವ್ಯಾಸ ಸುಮಾರು 38 ಮಿಲಿಮೀಟರ್. ಖಾಲಿ ಟ್ಯೂಬಿಗೆ ಗಾಳಿ ಹೊಡೆಯಲು ಹೇಳಿದರು. ಮೊದಲ ಆರೆಂಟು ಸಲ ಹಿಡಿಕೆ ಸರಾಗವಾಗಿ ಇಳಿಯಿತು. ತಂದೆಯ ಮುಖದಲ್ಲಿ ‘ನೋಡಿದ್ರಾ?’ ಎಂಬ ಗೆಲುವು. ಹತ್ತು ದಾಟಿದ ಮೇಲೆ ಹುಡುಗಿ ತುದಿಗಾಲಲ್ಲಿ ನಿಂತಳು. ಆಮೇಲೆ ಹಿಡಿಕೆಯ ಮೇಲೆ ಹೊಟ್ಟೆ ಊರಿ ಜೋತುಬಿದ್ದಳು. ಹಿಡಿಕೆ ಅರ್ಧಕ್ಕೆ ನಿಂತಿತು. ಅವಳ ಕಾಲು ನೆಲ ಬಿಟ್ಟಿತು.

ಇದರ ಲೆಕ್ಕ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಬಲವೆಂದರೆ ಒತ್ತಡ ಗುಣಿಸು ವಿಸ್ತೀರ್ಣ. 38 ಮಿ.ಮೀ. ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ 11.3 ಚದರ ಸೆಂಟಿಮೀಟರ್. ಟೈರಿನಲ್ಲಿ 40 ಪೌಂಡ್, ಎಂದರೆ ಚದರ ಸೆಂಟಿಮೀಟರಿಗೆ 2.8 ಕಿಲೋಗ್ರಾಂ ಇದ್ದಾಗ, ಹಿಡಿಕೆಯನ್ನು ಕೊನೆಮುಟ್ಟಿಸಲು ಸುಮಾರು 32 ಕಿಲೋ ಭಾರ ಬೇಕು. 50 ಪೌಂಡಿಗೆ 40 ಕಿಲೋ. ಹುಡುಗಿಯ ತೂಕವೇ ಮೂವತ್ತಾರು! ಯಾರೇ ಆಗಲಿ, ತನ್ನ ತೂಕಕ್ಕಿಂತ ಹೆಚ್ಚು ಭಾರವನ್ನು ಹಿಡಿಕೆಯ ಮೇಲೆ ಹಾಕಲಾರರು. ತೊಂದರೆಯಿದ್ದದ್ದು ಅವಳ ತೋಳಿನ ಬಲದಲ್ಲಲ್ಲ, ಕೊಳವೆಯ ಅಳತೆಯಲ್ಲಿ.

ಎರಡನೆಯ ಪಂಪಿನ ಕೊಳವೆ 32 ಮಿ.ಮೀ. ಅದರ ವಿಸ್ತೀರ್ಣ 8 ಚದರ ಸೆಂಟಿಮೀಟರ್. 50 ಪೌಂಡಿಗೂ 28 ಕಿಲೋ ಸಾಕು. 25 ಮಿ.ಮೀ. ಕೊಳವೆಯಾದರೆ 17 ಕಿಲೋ ಸಾಕು. ಹಾಗಾದರೆ ಇನ್ನೂ ಸಪೂರ ಕೊಳವೆ ಒಳ್ಳೆಯದೇ? ಇಲ್ಲಿ ಇನ್ನೊಂದು ತಕ್ಕಡಿ ಇದೆ. ದೊಡ್ಡ ಸೈಕಲ್ಲಿನ ಟ್ಯೂಬು ಉಬ್ಬಿದಾಗ ಹಿಡಿಸುವ ಜಾಗ ಸುಮಾರು ಎರಡೂವರೆ ಲೀಟರ್. 40 ಪೌಂಡ್ ಬರಬೇಕಾದರೆ ಹೊರಗಿನ ಗಾಳಿಯನ್ನು ಆರೂವರೆ ಲೀಟರಿನಷ್ಟು ಒಳಗೆ ತುರುಕಬೇಕು. ಹಿಡಿಕೆ 45 ಸೆಂಟಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ ಎನ್ನಿ. ದಪ್ಪ ಪಂಪಿನಲ್ಲಿ ಹದಿಮೂರು ಸಲ ಹೊಡೆದರೆ ಮುಗಿಯಿತು, 32ರದರಲ್ಲಿ ಹದಿನೆಂಟು, 25ರದರಲ್ಲಿ ಮೂವತ್ತು. ಸೋರಿಕೆ, ಮೂಲೆಯಲ್ಲಿ ಉಳಿಯುವ ಗಾಳಿ ಇವನ್ನೆಲ್ಲ ಸೇರಿಸಿದರೆ ಇನ್ನೂ ಕೆಲವು. ಫ್ರೇಮಿಗೆ ಸಿಕ್ಕಿಸುವ ಮೊಳದುದ್ದದ ಕೈಪಂಪಿನಲ್ಲಿ ಎಂಬತ್ತೋ ತೊಂಬತ್ತೋ ಸಲ ಹೊಡೆಯಬೇಕಾದೀತು. ಅದು ದಾರಿಯ ಆಪತ್ತಿಗೆ ಸರಿ, ದಿನನಿತ್ಯಕ್ಕಲ್ಲ. ಅಗಲ ಟೈರಿನ ಸೈಕಲ್ಲಿಗೆ ದಪ್ಪ ಪಂಪು, ರೇಸ್ ಸೈಕಲ್ಲಿಗೆ ಸಪೂರ ಪಂಪು ಎಂಬ ರೂಢಿಯ ಹಿಂದೆ ಇರುವುದು ಇಷ್ಟೇ ಗಣಿತ. ನೂರು ಪೌಂಡಿಗೆ 38ರ ಕೊಳವೆ ಕೇಳುವುದು ಎಂಬತ್ತು ಕಿಲೋ. ಆ ತೂಕದವರು ರೇಸಿಗೆ ಬರುವುದು ಅಪರೂಪ.

ಚಾಚಾ ಈ ಗುಣಾಕಾರವನ್ನೆಲ್ಲ ಮಾಡಲಿಲ್ಲ. 32ರ ಪಂಪನ್ನು ಮುಂದಿಟ್ಟು, ‘ತಂಗಿ, ಇದನ್ನ ಹೊಡಿ’ ಎಂದರು. ಇಪ್ಪತ್ತೆರಡು ಹೊಡೆತಕ್ಕೆ ಟ್ಯೂಬು ಕಲ್ಲಾಯಿತು. ಅವಳ ಕಾಲು ನೆಲದಲ್ಲೇ ಇತ್ತು.

ಹೆಬ್ಬೆರಳಿನ ಪರೀಕ್ಷೆ

ಬಣ್ಣ ನೋಡಿ ಪಂಪು ಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ಕಣ್ಣಿಗೆ ಕಾಣದ ವಾಷರನ್ನು. ಹಿಡಿಕೆಯ ಸಲಾಕೆಯ ತುದಿಯಲ್ಲಿ ಬಟ್ಟಲಿನಂತೆ ಕೆಳಮುಖವಾಗಿ ಕೂತಿರುವ ಚರ್ಮದ ವಾಷರ್ ಒಳಗಿದೆ. ಹಿಡಿಕೆ ಎಳೆದಾಗ ಅದರ ಅಂಚು ಒಳಕ್ಕೆ ಮಡಚಿ ಗಾಳಿಗೆ ದಾರಿ ಬಿಡುತ್ತದೆ. ಒತ್ತಿದಾಗ ಗಾಳಿಯೇ ಆ ಅಂಚನ್ನು ಕೊಳವೆಯ ಗೋಡೆಗೆ ಒತ್ತಿ ಹಿಡಿಯುತ್ತದೆ. ಹೆಚ್ಚು ಒತ್ತಿದಷ್ಟೂ ಹೆಚ್ಚು ಬಿಗಿ. ಒಂದು ತುಂಡು ಚರ್ಮ ಬಾಗಿಲೂ ಆಗಿ ಬಿರಡೆಯೂ ಆಗಿ ಕೆಲಸ ಮಾಡುವ ಈ ಉಪಾಯವನ್ನು ಮಕ್ಕಳಿಗೆ ಬಿಚ್ಚಿ ತೋರಿಸಬೇಕು. ಚಿತ್ರ ಬರೆದರೆ ತಿಳಿಯುವಂಥದಲ್ಲ.

ಚಾಚಾ ಪಂಪಿನ ರಬ್ಬರ್ ನಳಿಗೆಯ ಬಾಯಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಕೆ ಒತ್ತಿ ಹಿಡಿದರು. ಅದು ಸ್ಪ್ರಿಂಗಿನಂತೆ ಪುಟಿದು ನಿಂತರೆ ವಾಷರ್ ಸರಿ. ಮೆಲ್ಲಗೆ ಕುಸಿಯುತ್ತ ಹೋದರೆ ಗಾಳಿ ಪಕ್ಕದಿಂದ ಜಾರುತ್ತಿದೆ. ಇನ್ನೊಂದು ಪರೀಕ್ಷೆ ಬುಡದ ಕವಾಟದ್ದು. ತುಂಬಿದ ಟ್ಯೂಬಿಗೆ ನಳಿಗೆ ಸಿಕ್ಕಿಸಿದ್ದಾಗ ಹಿಡಿಕೆ ತಾನಾಗಿಯೇ ಮೇಲೇಳುತ್ತಿದ್ದರೆ, ಹೋದ ಗಾಳಿ ಹಿಂದಕ್ಕೆ ಬರುತ್ತಿದೆ ಎಂದರ್ಥ. ಆದರೆ ಈ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಸಾಮಾನ್ಯ ಸೈಕಲ್ಲಿನ ವಾಲ್‌ಟ್ಯೂಬು ತಾನೇ ಗಾಳಿಯನ್ನು ತಡೆಯುವುದರಿಂದ ಪಂಪಿನ ದೋಷ ಮುಚ್ಚಿಹೋಗುತ್ತದೆ. ಕಾರಿನ ಬಗೆಯ ವಾಲ್ವ್ ಇರುವ ಸೈಕಲ್ಲಿನಲ್ಲಿ ಮಾತ್ರ ಅದು ಬಯಲಾಗುತ್ತದೆ.

ಈ ವಾಲ್ವುಗಳ ವಿಚಾರದಲ್ಲಿ ಎಡವಿದವರು ಬಹಳ. ಕರಿಯ ದೊಡ್ಡ ಸೈಕಲ್ಲಿಗೆ ಸಪೂರ ರಬ್ಬರ್ ಹೊದಿಸಿದ ವುಡ್ಸ್ ವಾಲ್ವ್. ಗೇರಿನ ಅಗಲ ಟೈರಿನ ಸೈಕಲ್ಲಿಗೆ ಬಹುಮಟ್ಟಿಗೆ ಕಾರಿನದೇ ಆದ ಶ್ರೇಡರ್ ವಾಲ್ವ್. ರೇಸ್ ಸೈಕಲ್ಲಿಗೆ ತುದಿಯ ಪುಟ್ಟ ನಟ್ ಸಡಿಲಿಸಿ ಹೊಡೆಯುವ ಪ್ರೆಸ್ಟಾ. ಬರಿಯ ಕಚ್ಚುವ ಕ್ಲಿಪ್ಪಿನ ಹಳೆಯ ಪಂಪು ಮೊದಲನೆಯದಕ್ಕೆ ಸಾಕು. ಮನೆಯಲ್ಲಿ ಎರಡು ಬಗೆಯ ಸೈಕಲ್ಲಿದ್ದರೆ ಎರಡು ಬಾಯಿಯ ತಲೆ ಇರುವ ಪಂಪು ತರಬೇಕು, ಇಲ್ಲವೇ ಒಂದು ಅಡಾಪ್ಟರ್ ಇಟ್ಟುಕೊಳ್ಳಬೇಕು. ಸೈಕಲ್ಲನ್ನೇ ಅಂಗಡಿಗೆ ಒಯ್ದು ಸಿಕ್ಕಿಸಿ ನೋಡಿ ಕೊಂಡರೆ ಈ ತಕರಾರೇ ಇಲ್ಲ.

ಇನ್ನು ಮೀಟರು. ಇದ್ದರೆ ಒಳ್ಳೆಯದು, ಆದರೆ ಅದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಅದು ತೋರಿಸುವುದು ನಳಿಗೆಯ ಒತ್ತಡವನ್ನು. ವುಡ್ಸ್ ವಾಲ್ವಿನಲ್ಲಿ ರಬ್ಬರನ್ನು ಸರಿಸಿ ಒಳಹೋಗಲು ಗಾಳಿಗೆ ಇನ್ನಷ್ಟು ಒತ್ತಡ ಬೇಕು. ಹಾಗಾಗಿ ಮುಳ್ಳು ಟೈರಿನಲ್ಲಿ ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಕಬ್ಬಿಣದ ಅಥವಾ ಉಕ್ಕಿನ ಕೊಳವೆ, ಎರಡೂ ಪಾದ ಊರುವಷ್ಟು ಅಗಲದ ಬುಡ, ಬೆವರಿದ ಕೈ ಜಾರದ ಹಿಡಿಕೆ, ಬುಡದಲ್ಲಿ ಕ್ಲಿಪ್ಪಿನಿಂದ ಕಟ್ಟಿದ, ಬಿಚ್ಚಿ ಬದಲಿಸಬಲ್ಲ ನಳಿಗೆ, ಈ ನಾಲ್ಕರ ಮುಂದೆ ಮೀಟರಿನ ಥಳಕು ಎರಡನೆಯ ಮಾತು. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದರ ವಾಷರ್ ಬಿಡಿಯಾಗಿ ಸಿಗುತ್ತದೆಯೇ? ತಲೆ ಬಿಚ್ಚಲು ಬಾರದ ಪ್ಲಾಸ್ಟಿಕ್ ಪಂಪು ಎಷ್ಟು ಅಂದವಾಗಿದ್ದರೂ ವಾಷರ್ ಸವೆದ ದಿನ ಗುಜರಿಗೆ ಹೋಗುತ್ತದೆ.

ಇಷ್ಟು ಹೊತ್ತಿಗೆ ಹುಡುಗಿ ಪಂಪಿನ ಬುಡ ಮುಟ್ಟಿ ಕೈ ಹಿಂದೆಗೆದಳು. ‘ಕಾದೈತಿ ಚಾಚಾ!’ ತಿಕ್ಕಾಟದಿಂದ ಕಾಯಿತೆಂದು ಹೆಚ್ಚಿನವರು ಹೇಳುತ್ತಾರೆ; ಅದು ಸ್ವಲ್ಪ ಮಾತ್ರ ನಿಜ. ಗಾಳಿಯನ್ನು ಥಟ್ಟನೆ ಒತ್ತಿದರೆ ಅದೇ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆ ಎಣ್ಣೆ ಹೊತ್ತಿಕೊಳ್ಳುವುದು ಇದೇ ಕಾರಣಕ್ಕೆ.

ಬಿಸಿಲು ಮತ್ತು ನೆಗ್ಗಿಲು

ಹೊಸ ಪಂಪು ತಂದ ಮಾತ್ರಕ್ಕೆ ಕೂತ ಗಾಲಿ ಏಳುವುದಿಲ್ಲ ಎಂಬುದು ಚಾಚಾಗೆ ಗೊತ್ತಿತ್ತು. ಅವರು ಹಿಂದಿನ ಟ್ಯೂಬು ಹೊರತೆಗೆದು ಬಾಣಲಿಯ ನೀರಿನಲ್ಲಿ ಸುತ್ತಲೂ ಮುಳುಗಿಸಿ ನೋಡಿದರು. ಎಲ್ಲೂ ಗುಳ್ಳೆ ಇಲ್ಲ. ವಾಲ್ವಿನ ಬಾಯಿ ಮುಳುಗಿಸಿದಾಗ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ವಾಲ್‌ಟ್ಯೂಬಿನ ರಬ್ಬರ್ ಬಿರಿದು ಅಂಟಂಟಾಗಿತ್ತು. ಬೆರಳುದ್ದ ಹೊಸ ವಾಲ್‌ಟ್ಯೂಬ್ ಹಾಕಿದ ಮೇಲೆ ಗುಳ್ಳೆ ನಿಂತಿತು. ಎರಡು ವಾರದ ಗೋಳಿಗೆ ಕಾರಣ ಇಷ್ಟೇ! ಹಾಗೆಂದು ಪಂಪು ಬೇಡವೆಂದಲ್ಲ. ಒಳ್ಳೆಯ ಟ್ಯೂಬಿನಿಂದಲೂ ಗಾಳಿ ರಬ್ಬರಿನ ಮೂಲಕವೇ ದಿನವೂ ಇಷ್ಟಿಷ್ಟು ಹೊರಹೋಗುತ್ತಿರುತ್ತದೆ. ವಾರಕ್ಕೊಮ್ಮೆ ಹೊಡೆಯದಿದ್ದರೆ ಟೈರು ಮೆತ್ತಗಾಗುತ್ತದೆ. ಮೆತ್ತಗಾದ ಟೈರು ಗುಂಡಿಗೆ ಬಿದ್ದರೆ ರಿಮ್ಮು ಟ್ಯೂಬನ್ನು ಕಚ್ಚಿ ಹಾವು ಕಡಿದಂತೆ ಜೋಡಿ ತೂತು ಮಾಡುತ್ತದೆ. ಟೈರಿನ ಪಕ್ಕೆಯೂ ಬಿರಿಯುತ್ತದೆ.

ಈ ಸೀಮೆಯ ಕರಿನೆಲದ ದಾರಿಗಳಲ್ಲಿ ಇನ್ನೆರಡು ಶತ್ರುಗಳಿವೆ. ಜಾಲಿಯ ಮುಳ್ಳು ಉದ್ದ, ಕಣ್ಣಿಗಾದರೂ ಕಾಣುತ್ತದೆ. ನೆಗ್ಗಿಲ ಮುಳ್ಳು ಹಾಗಲ್ಲ. ನೆಲಕ್ಕೆ ಅಂಟಿ ಬೆಳೆಯುವ ಹಳದಿ ಹೂವಿನ ಬಳ್ಳಿಯ ಕಾಯಿ ಅದು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿ ನಿಲ್ಲುತ್ತದೆ. ಪಂಕ್ಚರ್ ತೆಗೆದ ಮೇಲೆ ಟೈರಿನ ಒಳಗೆ ಕೈಯಾಡಿಸಿ ಮುರಿದ ಮುಳ್ಳಿನ ತುದಿಯನ್ನು ಹುಡುಕದಿದ್ದರೆ ಮಾರನೆಯ ದಿನ ಮತ್ತೆ ಅದೇ ಕತೆ.

ಬೇಸಿಗೆ ಬಂತೆಂದರೆ ‘ಬಿಸಿಲಿಗೆ ಟ್ಯೂಬು ಒಡೆಯಿತು’ ಎಂಬ ಮಾತು ಎಲ್ಲೆಲ್ಲೂ ಕೇಳುತ್ತದೆ. ಅದಕ್ಕಾಗಿ ಗಾಳಿ ಕಡಿಮೆ ಹೊಡೆಯುವವರೂ ಉಂಟು. ಬೆಳಿಗ್ಗೆ 27 ಡಿಗ್ರಿಯಲ್ಲಿ 40 ಪೌಂಡ್ ತುಂಬಿದ ಟೈರು ಮಧ್ಯಾಹ್ನದ ಬಿಸಿಲಿನಲ್ಲಿ 57 ಡಿಗ್ರಿಗೆ ಕಾದರೂ ಹೆಚ್ಚುವುದು ಐದೂವರೆ ಪೌಂಡ್ ಅಷ್ಟೇ. ಗಟ್ಟಿಯಾದ ಟೈರಿಗೆ ಅದು ಲೆಕ್ಕವಲ್ಲ. ಒಡೆದದ್ದಕ್ಕೆ ಸವೆದ ಟೈರೋ, ಪೆಟ್ರೋಲ್ ಬಂಕಿನ ಗಾಳಿಯೋ ಕಾರಣವಾಗಿರುತ್ತದೆ. ಕಾರಿನ ದೊಡ್ಡ ಟೈರಿಗೆಂದು ಮಾಡಿದ ಕಂಪ್ರೆಸರು ಸೈಕಲ್ಲಿನ ಎರಡೂವರೆ ಲೀಟರ್ ಟ್ಯೂಬನ್ನು ಕ್ಷಣಗಳಲ್ಲಿ ತುಂಬಿ ಮುಂದಿನ ಕ್ಷಣದಲ್ಲಿ ಸಿಡಿಸುತ್ತದೆ. ಮಕ್ಕಳು ತಾವೇ ಅದರ ನಳಿಗೆ ಹಿಡಿಯುವುದು ಬೇಡ. ಕೈಪಂಪಿನಲ್ಲಿ ಆ ಭಯವಿಲ್ಲ, ಅಷ್ಟರೊಳಗೆ ತೋಳು ಸೋತಿರುತ್ತದೆ. ಎಷ್ಟು ಹೊಡೆಯಬೇಕೆಂಬ ಸಂಖ್ಯೆ ಬಹುತೇಕ ಟೈರುಗಳ ಪಕ್ಕೆಯಲ್ಲೇ ಅಚ್ಚಾಗಿದೆ. ಹಿಂದಿನ ಗಾಲಿಗೆ ಭಾರ ಹೆಚ್ಚು, ಆದ್ದರಿಂದ ಗಾಳಿಯೂ ತುಸು ಹೆಚ್ಚು ಬೇಕು.

ತಂದೆ ಬೆಲೆಯಲ್ಲಿ ಚೌಕಾಸಿ ಮಾಡಿದರು. ಚಾಚಾ ಒಂದಿಷ್ಟು ಇಳಿದರು, ಒಂದಿಷ್ಟು ಇಳಿಯಲಿಲ್ಲ. ಕೊನೆಗೆ ಎರಡು ಚರ್ಮದ ವಾಷರನ್ನು ಹಳೆಯ ಪೇಪರಿನಲ್ಲಿ ಸುತ್ತಿ ಹುಡುಗಿಯ ಕೈಗೆ ಕೊಟ್ಟರು.

‘ಒಣಗಿತಂದ್ರ ಬಿಚ್ಚಿ ಎಣ್ಯಾಗ ನೆನಸವ್ವಾ. ಎರಡ್ ಹನಿ ಸಾಕು. ಬಾಳ ಹಾಕಿದ್ರ ಎಣ್ಣಿ ಟ್ಯೂಬಿನ್ಯಾಗ ಇಳದು ರಬ್ಬರ್ ತಿಂತೈತಿ.’

‘ನಾನ ಬಿಚ್ಚಲೇನ್ರೀ?’

‘ಮತ್ಯಾರು? ನಿಮ್ಮಪ್ಪ ಹೊಲಕ್ಕ ಹೋಗಿರ್ತಾನಲ್ಲ!’

ಪಂಪನ್ನು ಕ್ಯಾರಿಯರಿಗೆ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು, ಸೈಕಲ್ಲು ತಳ್ಳಿಕೊಂಡು ಇಬ್ಬರೂ ಓಣಿ ದಾಟಿದರು. ಪಂಪನ್ನು ಎಲ್ಲಿಡಬೇಕೆಂಬ ವಾದ ಆಗಲೇ ಶುರುವಾಗಿತ್ತು. ತಂದೆಗೆ ದನದ ಕೊಟ್ಟಿಗೆಯ ಮೂಲೆ ಸಾಕಿತ್ತು. ಕೊಟ್ಟಿಗೆಯ ಧೂಳು ಕೊಳವೆಗೆ ಇಳಿದರೆ ವಾಷರ್ ಸವೆಯುತ್ತದೆ, ಪಡಸಾಲೆಯ ಬಾಗಿಲ ಹಿಂದೆಯೇ ಇರಲಿ ಎಂದು ಮಗಳು ಹೇಳುತ್ತಿದ್ದಳು.